ಆಡಮ್ಸ್‌ಟೌನಿನಲ್ಲಿ ಸಮೋವಾದ ಶಂಖ

ಲಾಕ್‌ಡೌನಿನಲ್ಲಿ ಮನೆಯೊಳಗೆ ಸುಮ್ಮನೆ ಕೂತವನಿಗೂ ಫಜೀತಿ ತಪ್ಪುವುದಿಲ್ಲ. ಪರದೇಶದ ಈ ಆಡಮ್ಸ್‌ಟೌನಿನ ನಮ್ಮ ಬಾಡಿಗೆ ಮನೆಯಲ್ಲಿದ್ದವರು ಇಬ್ಬರೇ: ಬೆಂಗಳೂರಿನ ನಾನು, ಸಮೋವಾ ದ್ವೀಪದಿಂದ ರಗ್ಬಿ ಆಡಲು ಬಂದ ಗೆಳೆಯ. ಅವನ ದೇಶ ಗಡಿ ಮುಚ್ಚಿತ್ತು. ಕಡಲಂಚಿನ ಹಳ್ಳಿಯಲ್ಲಿದ್ದ ಅವನ ಅಮ್ಮನಿಗೆ ಕೊರೊನಾಕ್ಕಿಂತ ದೊಡ್ಡ ಚಿಂತೆ, ಮಗ ಒಬ್ಬನೇ ಕೂತು ಉಣ್ಣುತ್ತಾನೆ ಎಂಬುದು. ಅವರೂರಲ್ಲಿ ಅದಕ್ಕಿಂತ ಕಷ್ಟ ಇನ್ನೊಂದಿಲ್ಲವಂತೆ. ನಾನೋ, ತಟ್ಟೆ ಹಿಡಿದು ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವವನು.

೧. ಗೋಡೆ ಇಲ್ಲದ ಮನೆ

ಇಲ್ಲಿ ಬೆಳಗಾದರೆ ಅಲ್ಲಿ ಸಂಜೆ. ಮೊದಲ ವಿಡಿಯೋ ಕಾಲ್‌ನಲ್ಲಿ ಕಂಡದ್ದು ಕಂಬಗಳು, ಮೇಲೊಂದು ಚಾವಣಿ, ಆಚೆ ಕಡಲು. ಗೋಡೆಯೇ ಇಲ್ಲ.

"ಅಮ್ಮಾ, ಬೀಗ ಎಲ್ಲಿಗೆ ಹಾಕ್ತೀರಿ?" ಅಂದೆ. ಗೆಳೆಯ ಅವರ ಭಾಷೆಯಲ್ಲಿ ಹೇಳಿದ.

"ಗೋಡೆ ಕಟ್ಟಿದ್ರೆ ದಾರೀಲಿ ಹೋಗೋರನ್ನ ಊಟಕ್ಕೆ ಕರೆಯೋದು ಹೇಗಪ್ಪಾ?" ಅಂದರು ಅಮ್ಮ.

ನಮ್ಮ ಮನೆಗೆ ಎರಡು ಬೀಗ, ಒಂದು ಅಲಾರಂ. ಒಳಗೆ ಕದಿಯುವಂಥದ್ದು ನನ್ನ ಕುಕ್ಕರ್ ಒಂದೇ.

೨. ಐದು ನಿಮಿಷದ ಊರು

ಇನ್ನೊಂದು ದಿನ "ಐದೇ ನಿಮಿಷ, ಊರು ತೋರಿಸ್ತೀನಿ" ಎಂದು ಅಮ್ಮ ಫೋನ್ ಹಿಡಿದು ಹೊರಟರು. ಮೊದಲ ಮನೆಯವರು ಊಟಕ್ಕೆ ಕರೆದರು. ಎರಡನೆಯವರೂ ಕರೆದರು. ಮೂರನೆಯವರು ಫೋನಿಗೆ ಬೆಂದ ಕೆಸುವಿನ ಗಡ್ಡೆ ತೋರಿಸಿ ನಮ್ಮನ್ನೂ ಕರೆದರು. ತೆಂಗಿನ ತೋಟ, ಹವಳದ ದಿಬ್ಬಕ್ಕೆ ಬಡಿಯುವ ಅಲೆ, ಎಲ್ಲ ನೋಡುವುದಿತ್ತು. ಮುಕ್ಕಾಲು ಗಂಟೆಯಾದರೂ ನಾಲ್ಕನೇ ಮನೆ ದಾಟಿರಲಿಲ್ಲ.

ನಮ್ಮ ಬೀದಿಯಲ್ಲಿ ಮೂರು ವರ್ಷದಿಂದ ನನಗೆ ಸಿಕ್ಕ ಮಾತು ಒಂದೇ: "ಮಳೆ ಬರಬಹುದು."

೩. ದಂಡ

ಅಲ್ಲಿ ಸಂಜೆ ಶಂಖ ಊದಿದರೆ ಊರಿಗೆ ಊರೇ ಪ್ರಾರ್ಥನೆಗೆ ಕೂರುತ್ತದೆ. ಆಮೇಲೆ ಓಡಾಡಿದವರಿಗೆ ದಂಡ. ಇಲ್ಲಿ ರಸ್ತೆರಸ್ತೆಗೆ ಪೊಲೀಸರು ನಿಂತು ಮಾಡಿಸುತ್ತಿದ್ದುದನ್ನು ಅವರು ಒಂದೇ ಶಂಖದಲ್ಲಿ ಮುಗಿಸುತ್ತಿದ್ದರು. ನನಗಂತೂ ಅವರ ಮೇಲೆ ಗೌರವ ಹುಟ್ಟಿತು.

ಗೆಳೆಯ ಅಡುಗೆಮನೆಯಲ್ಲಿ ಫೋನ್ ಒರಗಿಸಿ ತಾನೂ ಪ್ರಾರ್ಥನೆಗೆ ಸೇರುತ್ತಿದ್ದ. ಒಂದು ಭಾನುವಾರ ಶಂಖ ಊದಿದ್ದು ತಿಳಿಯದೆ, ಬಾಯಲ್ಲಿ ಬ್ರಷ್, ಸೊಂಟಕ್ಕೆ ಟವೆಲ್, ಅವನ ಹಿಂದಿನಿಂದ ಹಾದುಹೋದೆ. ಅಲ್ಲಿ ಎಲ್ಲರ ಕಣ್ಣೂ ಮುಚ್ಚಿತ್ತು. ಹೇಗೋ ಎಲ್ಲರೂ ನೋಡಿದ್ದರು.

ಪ್ರಾರ್ಥನೆ ಮುಗಿದ ಮೇಲೆ ಊರ ಯಜಮಾನರಾದ ಅವನ ದೊಡ್ಡಪ್ಪ ಫೋನಿನ ಮುಂದೆ ಬಂದು ದಂಡ ಹೇಳಿದರು: ಒಂದು ಪೆಟ್ಟಿಗೆ ಡಬ್ಬಿ ಮೀನು.

"ಇವನು ಮೀನು ಮುಟ್ಟಲ್ಲ" ಎಂದು ಗೆಳೆಯ ನನ್ನ ಪರ ವಕಾಲತ್ತು ಮಾಡಿದ.

ಅಮ್ಮ ದೊಡ್ಡಪ್ಪನ ಕಿವಿಯಲ್ಲಿ ಏನೋ ಅಂದರು. ತೀರ್ಪು ಬದಲಾಯಿತು: ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ, ನಾನೇ ಮಾಡಿದ ಅಡುಗೆಯನ್ನು, ಅವನ ಜೊತೆ ಒಂದೇ ಮೇಜಿನಲ್ಲಿ, ಅವರೆಲ್ಲರ ಕಣ್ಣೆದುರು ಉಣ್ಣಬೇಕು.

"ಬೆಳಗ್ಗೆ ಆರೂವರೆಗೆ ಬಿಸಿಬೇಳೆಬಾತಾ?" ಅಂದೆ. "ದೊಡ್ಡಪ್ಪ, ನಾನು ನಿಮ್ಮೂರೋನೇ ಅಲ್ವಲ್ಲ."

"ಹೊರಗಿನೋರಿಗೆ ನಾವು ದಂಡ ಹಾಕೋದೇ ಇಲ್ಲ" ಅಂದರು ದೊಡ್ಡಪ್ಪ. "ಹುಡುಗ ಹಸ್ಕೊಂಡಿದ್ದಾನೆ. ಹೋಗು, ಬಟ್ಟೆ ಹಾಕ್ಕೊಂಡು ಒಲೆ ಹಚ್ಚು."