ಕಾಲು ಹನಿಯ ಅನ್ಯಾಯ

ಕೋಪದಲ್ಲಿದ್ದಾಗಿನ ನೆನಪನ್ನು ಪೂರ್ತಿ ನಂಬಬಾರದು. ಅದು ಎದುರಿನವರ ಮಾತಿಗೆ ಖಾರ ಹಾಕುತ್ತದೆ, ನಮ್ಮ ಮಾತಿಗೆ ಬೆಲ್ಲ. ಹಾಗಾಗಿ ಇಲ್ಲಿ ಬರುವ ವಿಮಲಾ ಮೇಡಂ ನಿಜವಾದವರಿಗಿಂತ ತುಸು ಜೋರಾಗಿರಬಹುದು, ನಾನು ತುಸು ಸಾಧುವಾಗಿರಬಹುದು. ಆದರೆ ಅನ್ಯಾಯ ಅನ್ಯಾಯವೇ.

ಗುಲ್ಬರ್ಗದಲ್ಲಿ ಗಣಿತದ ಪದವಿ ಮುಗಿಸಿ ನಾನು ಹೈದರಾಬಾದಿಗೆ ಬಂದದ್ದು ನರ್ಸಿಂಗ್ ಕಲಿಯಲು. ಆಗ ನಮ್ಮ ಅಮೀರ್‌ಪೇಟ್ ಹಾಸ್ಟೆಲಿನಲ್ಲಿ ಸಾಫ್ಟ್‌ವೇರ್ ಕಲಿಯದೆ ಇದ್ದವರೆಂದರೆ ನಾನು ಮತ್ತು ಅಡುಗೆಯಾಕೆ. "ಇಷ್ಟು ಲೆಕ್ಕ ಕಲ್ತು ಬೆಡ್‌ಪ್ಯಾನ್ ಹಿಡೀತಾಳಂತ" ಎಂದು ಸೋದರತ್ತೆ ಊರೆಲ್ಲ ಹೇಳಿದ್ದಳು. ಇರಲಿ, ಔಷಧದ ಲೆಕ್ಕವಾದರೂ ನೀರು ಕುಡಿದಷ್ಟು ಸಲೀಸು ಎಂದುಕೊಂಡಿದ್ದೆ.

ಡ್ರಿಪ್ ಲೆಕ್ಕದ ಪರೀಕ್ಷೆಯ ನಿಯಮ ಕೇಳಿ. ಒಂದೇ ಒಂದು ತಪ್ಪಾದರೂ ನಪಾಸು. ನಪಾಸಾದವರಿಗೆ ವಾರ್ಡಿಲ್ಲ, ಪಾಸಾಗುವ ತನಕ ಕೆಳಗಿನ ಕೋಣೆಯಲ್ಲಿ ಅಭ್ಯಾಸಕ್ಕಿಟ್ಟ ರಬ್ಬರ್ ಗೊಂಬೆಯ ಮೈ ಒರೆಸುತ್ತಿರಬೇಕು. ನನಗೆ ಬಂದ ಪ್ರಶ್ನೆ: ಅರ್ಧ ಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಒಂದು ಮಿಲಿಲೀಟರಿಗೆ ಹದಿನೈದು ಹನಿ, ನಿಮಿಷಕ್ಕೆಷ್ಟು? ಮೂವತ್ತೊಂದೂಕಾಲು ಎಂದು ಬರೆದೆ. ಬೇಕಾದರೆ ನೀವೇ ಭಾಗಿಸಿ ನೋಡಿ!

ಮೇಡಂ ಕೆಂಪು ಗೀಟು ಎಳೆದರು. ಬೀದರಿನವರಾದ ಅವರು ಪಾಠವನ್ನು ಎಲ್ಲರಿಗೂ ಇಂಗ್ಲಿಷಿನಲ್ಲಿ, ಬೈಗುಳವನ್ನು ನನಗೊಬ್ಬಳಿಗೇ ಕನ್ನಡದಲ್ಲಿ ಕೊಡುತ್ತಿದ್ದರು.

"ಈ ಕಾಲು ಹನಿ ಹ್ಯಾಂಗ ಬಿಡ್ತಿ ಅವ್ವಾ? ಬ್ಲೇಡ್ ಕೊಡ್ಲೇನು, ಕೊಯ್ಯಾಕ?"

"ಲೆಕ್ಕ ಸರಿ ಐತಲ್ರಿ ಮೇಡಂ!"

"ನಿನಗ ಸರಿ ಐತಿ, ಹನಿಗೆ ತಿಳೀಬೇಕಲ್ಲ. ನಡಿ, ಗೊಂಬಿ ಕಾಯಾಕತ್ತೈತಿ."

ಕಾಲೇಜಿನಲ್ಲಿ ದಶಾಂಶ ಬಿಟ್ಟದ್ದಕ್ಕೆ ಅಂಕ ಕಳೆದಿದ್ದರು. ಇಲ್ಲಿ ಬಿಡದಿದ್ದಕ್ಕೆ ವಾರ್ಡನ್ನೇ ಕಳೆದರು. ಕೋಣೆಯ ಗೆಳತಿ ಸುನಂದಾಳ ಮುಂದೆ ಕೂಗಾಡಿದೆ. ಅವಳು ಕಂಪ್ಯೂಟರ್ ಪಾಠಕ್ಕೆ ಹೊರಟಿದ್ದಳು. "ನಮ್ಮಲ್ಲಿ ತಪ್ಪಾದ್ರ ಬಗ್ ಅಂತಾರಲೇ. ಅದನ್ನ ತಿದ್ದಾಕ ಮತ್ತೊಬ್ಬನ್ನ ಕೆಲಸಕ್ಕ ತಗೋತಾರ" ಎಂದು ಕೂದಲು ಬಾಚಿಕೊಂಡು ಹೋದಳು. ಅದು ಸಮಾಧಾನವೋ ಹೊಟ್ಟೆ ಉರಿಸಿದ್ದೋ ಇವತ್ತಿಗೂ ತಿಳಿದಿಲ್ಲ.

ಗೊಂಬೆಯ ಬೆನ್ನು ಫಳಫಳ ಹೊಳೆಯುವ ಹೊತ್ತಿಗೆ ಮರುಪರೀಕ್ಷೆ ಬಂತು. ಹಲ್ಲು ಕಚ್ಚಿ ಎಲ್ಲ ಉತ್ತರಗಳನ್ನೂ ಪೂರ್ಣಾಂಕದಲ್ಲೇ ಬರೆದೆ. ಪಾಸು. ವಾರ್ಡು ಸಿಕ್ಕಿತು.

ಮೊದಲ ರೋಗಿ ನಾಗಮ್ಮ, ಯಾದಗಿರಿ ಕಡೆಯವಳು. ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸ ಮಾಡುತ್ತ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಮೇಡಂ ನನ್ನ ಬೆನ್ನ ಹಿಂದೆ ನಿಂತರು. ಒಂದು ಕಣ್ಣು ಅವಳ ಸಲೈನಿನ ಹನಿಯ ಮೇಲೆ, ಇನ್ನೊಂದು ಕೈಗಡಿಯಾರದ ಮೇಲೆ ಇಟ್ಟು ಎಣಿಸತೊಡಗಿದೆ.

"ಗಡಿಯಾರ ಯಾಕ ನೋಡಾಕತ್ತೀದಿ ಯವ್ವಾ?" ಎಂದಳು ನಾಗಮ್ಮ. "ಈಗರೆ ಬಂದು ನಿಂತೀದಿ, ಮನಿಗಿ ಹೋಗೂ ಹೊತ್ತಾತೇನು?"

ನನಗೆ ತಡೆಯಲಾಗಲಿಲ್ಲ. "ಹನಿ ಎಣಸಾಕತ್ತೀನಿ ಅಮ್ಮಾ! ಇದರ ಸಲುವಾಗಿ ಗೊಂಬಿ ಮೈ ತೊಳದೀನಿ ನಾ!"

ನಾಗಮ್ಮ ಪಕ್ಕದ ಮಂಚದತ್ತ ತಿರುಗಿ, "ಪಾಪ, ಹುಡುಗಿಗೆ ಏನೋ ಆಗೈತಿ" ಎಂದಳು.

ಹಿಂದಿನಿಂದ ದನಿ ಬಂತು: "ಎಷ್ಟಾತು?"

ಹದಿನೇಳೋ, ಹದಿನೆಂಟೋ. ಕೋಪ ಮಾಡಿಕೊಳ್ಳುವಾಗ ಹನಿಗಳು ನನಗಾಗಿ ನಿಂತಿರಲಿಲ್ಲ.

"ಹದಿನೇಳೂವರಿ ಅಂತ ಬರ್ಕೋ" ಎಂದರು ಮೇಡಂ.

ಅವರು ನಿಜಕ್ಕೂ ಹಾಗೆ ಅಂದರೋ, ನನ್ನ ಕೋಪ ಆಮೇಲೆ ಸೇರಿಸಿತೋ, ಆಣೆ ಮಾಡಿ ಹೇಳಲಾರೆ. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು ಮತ್ತೆ ಒಂದರಿಂದ ಶುರುಮಾಡಿದ್ದಂತೂ ನಿಜ. ಅದಕ್ಕೆ ನಾಗಮ್ಮನೇ ಸಾಕ್ಷಿ.

"ನೋಡ್ರಿ, ನೋಡ್ರಿ" ಎಂದಳು ಅವಳು, "ಮತ್ತ ಗಡಿಯಾರ!"