ನನ್ನ ದೂರಿನ ಮೇಲೆ ಕ್ರಮ ಕೈಗೊಂಡ ಆರ್ಗನ್ ವಿದ್ಯಾರ್ಥಿವೇತನ ಸಮಿತಿಗೆ

ಮಾನ್ಯರೇ,

ಹದಿಹರೆಯದ ಮಕ್ಕಳು ಆರ್ಗನ್ ವಾದ್ಯ ಕಲಿಯಲೆಂದು ವಿದ್ಯಾರ್ಥಿವೇತನ ನೀಡುತ್ತಿರುವ ಘನ ಸಮಿತಿಯ ಅಧ್ಯಕ್ಷರಿಗೂ, ಕಾರ್ಯದರ್ಶಿಗಳಿಗೂ, ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಬಂದ ಕಾಗದಕ್ಕೆಲ್ಲ ಮುದ್ರೆ ಒತ್ತುವ ಮಹನೀಯರಿಗೂ, ಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಈ ನೆಲಮಹಡಿಯ ನಿವಾಸಿಯು ಎದ್ದು ನಿಂತು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆದಿಟ್ಟು ಮಾಡುವ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರ ಓದಿದ ಮೇಲೂ ಹಾಗೆಯೇ ಇರಬೇಕೆಂದು ಹಾರೈಸಿ ವಿಷಯಕ್ಕೆ ಬರುತ್ತೇನೆ.

ತಮ್ಮ ಮೇಲೆ ನನ್ನ ಆರೋಪ ಇಷ್ಟೇ: ಕಳೆದ ತಿಂಗಳು ನಾನು ಕೊಟ್ಟ ದೂರಿನ ಮೇಲೆ ತಾವು ಕ್ರಮ ಕೈಗೊಂಡಿದ್ದೀರಿ.

ನನ್ನ ಮೂವತ್ತು ವರ್ಷಗಳ ದೂರಿನ ಬದುಕಿನಲ್ಲಿ ಇಂಥ ಅನಾಹುತ ಎಂದೂ ನಡೆದಿರಲಿಲ್ಲ. ಬೀದಿದೀಪ ಹಗಲಲ್ಲಿ ಉರಿಯುತ್ತದೆಂದು ಬರೆದೆ, ಅದು ಈಗಲೂ ಹಗಲಲ್ಲೇ ಉರಿಯುತ್ತಿದೆ. ಪಾರಿವಾಳಗಳ ಕಾಟದ ಬಗ್ಗೆ ಬರೆದೆ, ಅವು ಮೊಮ್ಮಕ್ಕಳನ್ನು ಕಂಡವು. ಕೆಲವರು ಸಂಜೆ ವಾಕಿಂಗ್ ಹೋಗುತ್ತಾರೆ, ನಾನು ದೂರು ಬರೆಯುತ್ತೇನೆ. ಇಬ್ಬರೂ ಎಲ್ಲಿಗೂ ತಲುಪುವುದಿಲ್ಲ, ಇಬ್ಬರಿಗೂ ಹಸಿವು ಚೆನ್ನಾಗಿ ಆಗುತ್ತದೆ. ಏನೂ ಆಗುವುದಿಲ್ಲವೆಂಬ ಪೂರ್ಣ ಭರವಸೆಯಿಂದ ಬರೆದ ಪತ್ರವನ್ನು ತಾವು ತೆರೆದು, ಓದಿ, ಅರ್ಥ ಮಾಡಿಕೊಂಡು, ಮೂರೇ ವಾರದಲ್ಲಿ ಆದೇಶ ಹೊರಡಿಸಿದ್ದು ನಂಬಿಕೆದ್ರೋಹವಲ್ಲದೆ ಮತ್ತೇನು?

ನಡೆದದ್ದನ್ನು ಸಾರ್ವಜನಿಕರೂ ತಿಳಿಯಲಿ. ನಮ್ಮ ಬೀದಿಯ ತುದಿಯ ಸಭಾಭವನದಲ್ಲಿ ಕೊಳವೆಗಳು ಛಾವಣಿ ಮುಟ್ಟುವಂಥ ಆರ್ಗನ್ ಇದೆ. ಅದನ್ನು ನುಡಿಸಬಲ್ಲವರು ಊರಿನಲ್ಲಿ ಮೂವರೇ ಉಳಿದಿದ್ದು, ಮೂವರ ಮೊಣಕಾಲೂ ಮೆಟ್ಟಿಲು ಹತ್ತುವ ಮಾತೆತ್ತಿದರೆ ರಜೆ ಕೇಳುತ್ತವೆಂಬುದನ್ನು ಮನಗಂಡು, ತಾವು ನಮ್ಮ ಮೇಲಿನ ಮನೆಯ ಬಸ್ ಕಂಡಕ್ಟರಮ್ಮನ ಹದಿನೈದರ ಮಗಳನ್ನು ಆರಿಸಿದಿರಿ. ಇದು ದೂರದೃಷ್ಟಿ. ಆದರೆ ಈ ವಾದ್ಯಕ್ಕೆ ಎರಡು ಕೈ ಸಾಲದೆ ಎರಡು ಕಾಲೂ ಬೇಕು, ಕಾಲಲ್ಲಿ ಒತ್ತಲೆಂದೇ ಕೆಳಗೆ ಉದ್ದನೆಯ ಮರದ ಪಟ್ಟಿಗಳ ಸಾಲಿರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಭವನದ ಬಾಗಿಲು ಅವಳಿಗೆ ತೆರೆಯುವುದು ವಾರಕ್ಕೊಂದೇ ದಿನ. ಉಳಿದ ದಿನಗಳಲ್ಲಿ ಮನೆಯಲ್ಲೇ ಎರಡೆರಡು ಗಂಟೆ ಅಭ್ಯಾಸ ಮಾಡತಕ್ಕದ್ದೆಂದು ತಮ್ಮ ನಿಯಮ. ಆ ಮನೆಯೊಳಗೆ ಆರ್ಗನ್ ತರಬೇಕಾದರೆ ಮನೆಯನ್ನು ಹೊರಗಿಡಬೇಕು. ಹಾಗಾಗಿ ಬಡಗಿಯಾದ ಅವಳ ಸೋದರಮಾವ ಹಳೆಯ ಮಂಚವೊಂದನ್ನು ಬಿಚ್ಚಿ ಕಾಲುಪಟ್ಟಿಗಳನ್ನು ಮಾಡಿಕೊಟ್ಟರು. ಕೈಗೆ ಊಟದ ಮೇಜು, ಕಾಲಿಗೆ ಮಂಚ. ಅದರಿಂದ ಸ್ವರ ಹೊರಡುವುದಿಲ್ಲ. ಹೊರಡುವುದು ದಡ್ ಎಂಬ ಸದ್ದು, ಅದೂ ನೇರ ನನ್ನ ನೆತ್ತಿಗೆ.

ಮೊದಲ ದಿನವೇ ಕೂದಲಿಗಿಂತ ತೆಳುವಾದ ಸ್ಪ್ರಿಂಗೊಂದು ನನ್ನ ಚಿಮಟದಿಂದ ಹಾರಿ ಚಹಾದೊಳಗೆ ಬಿತ್ತು. ಸೋಸಿ ತೆಗೆದು ಕೂರಿಸಿದೆ. ಆ ಗಡಿಯಾರ ಈಗ ಬೆಳಗ್ಗೆ ಮಹಾ ಚುರುಕು, ಮಧ್ಯಾಹ್ನ ತೂಕಡಿಕೆ. ಕೋಪ ನೆತ್ತಿಗೇರಿ (ಅಲ್ಲಿ ಮೊದಲೇ ಜಾಗವಿರಲಿಲ್ಲ) ತಮಗೆ ನಾಲ್ಕು ಪುಟ ಬರೆದೆ, ಖುದ್ದಾಗಿ ಬಂದು ಕೊಟ್ಟೆ, ಹಗುರಾಗಿ ಮನೆಗೆ ಹೋದೆ.

ಆಮೇಲೆ ನಡೆದದ್ದಕ್ಕೆ ನಾನು ಹೊಣೆಯಲ್ಲ. ದಿನಾ ಎರಡು ಗಂಟೆ ತಲೆಯ ಮೇಲೆ ಬೀಳುವುದನ್ನು ಎಷ್ಟು ದಿನ ಕೇಳದಿರಲಾದೀತು? ಎರಡನೆಯ ವಾರದ ಹೊತ್ತಿಗೆ ಒಂದು ಪಾಠ ನನಗೆ ಬಾಯಿಪಾಠವಾಗಿತ್ತು: ನಾಲ್ಕು ಮೆಲ್ಲನೆಯ ದಡ್, ಬಲಕ್ಕೊಂದು ಓಟ, ಮತ್ತೆ ಎಡಗಾಲು ಬಲಗಾಲಿನ ಹಿಂದಿನಿಂದ ದಾಟಿ ಬರಬೇಕಾದ ಒಂದು ಜಾಗ. ಆ ಜಾಗದಲ್ಲಿ ಹುಡುಗಿ ಪ್ರತಿದಿನ ಎಡವುತ್ತಿದ್ದಳು. ನಾನು ಸ್ಕ್ರೂ ಹಿಡಿದು ಕಾಯುತ್ತಿದ್ದೆ. ಅಡುಗೆಮನೆಯಲ್ಲಿ ನನ್ನಾಕೆಯ ಚಾಕೂ ನಿಲ್ಲುತ್ತಿತ್ತು. ಎಡವಿದಾಗ ಇಬ್ಬರೂ ಪರಸ್ಪರ ಗೊತ್ತಾಗದಂತೆ ನಿಟ್ಟುಸಿರು ಬಿಡುತ್ತಿದ್ದೆವು. ಕಳೆದ ಮಂಗಳವಾರ, ಮಾನ್ಯರೇ, ಆ ಕಾಲು ದಾಟಿತು. ಒಂದು ಸಲವಲ್ಲ, ಮೂರು ಸಲ. ಅಡುಗೆಮನೆಯಿಂದ ನನ್ನಾಕೆ ಸೌಟಿನ ಸಮೇತ ಓಡಿ ಬಂದು, “ದಾಟಿದಳು ಕಣ್ರೀ!” ಎಂದಳು. ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ವಿಷಯಕ್ಕೆ ಒಂದೇ ಗಳಿಗೆಯಲ್ಲಿ ಸಂತೋಷಪಟ್ಟದ್ದು ಅದೇ ಮೊದಲು.

ತಮ್ಮ ಆದೇಶ ಮೇಲಿನ ಮನೆಗೆ ಬಂದದ್ದು ಅದೇ ಮಧ್ಯಾಹ್ನ. ಎಂಥ ಸೊಗಸಾದ ಆದೇಶ! ಮೊದಲ ಪ್ಯಾರಾದಲ್ಲಿ, ನೆರೆಯವರಿಗೆ ಪ್ರಾಣಾಂತಿಕವಾಗಿರುವುದರಿಂದ (ಆ ಪದ ನನ್ನದೇ) ಮನೆಯ ಅಭ್ಯಾಸವನ್ನು ಕೂಡಲೇ ನಿಲ್ಲಿಸತಕ್ಕದ್ದು. ಎರಡನೆಯದರಲ್ಲಿ, ಮನೆಯಲ್ಲಿ ಅಭ್ಯಾಸ ಮಾಡದವರಿಗೆ ವಿದ್ಯಾರ್ಥಿವೇತನ ಇಲ್ಲದ್ದರಿಂದ ಶುಕ್ರವಾರದ ಸಭೆಯಲ್ಲಿ ಅದನ್ನು ರದ್ದುಪಡಿಸಲಾಗುವುದು. ಕೈಕಾಲು ಕಟ್ಟಿ, ಈಜಲಿಲ್ಲವೆಂದು ದಂಡ ಹಾಕುವ ಈ ಕಲೆಗೆ ಪ್ರಶಸ್ತಿಯೇನಾದರೂ ಇದ್ದರೆ ನನ್ನ ಶಿಫಾರಸು ತಮಗೇ. ವಿದ್ಯಾರ್ಥಿವೇತನ ಹೋದರೆ ಅವಳಿಗೆ ಗುರುಗಳ ಪಾಠವೂ ಹೋಯಿತು, ಭವನದ ಬಾಗಿಲೂ ಮುಚ್ಚಿತು.

ಆದೇಶದ ಜೊತೆ ನನ್ನ ನಾಲ್ಕು ಪುಟಗಳ ನಕಲನ್ನೂ, ನನ್ನ ಸಹಿಯ ಸಮೇತ, ಲಗತ್ತಿಸುವ ಔದಾರ್ಯ ತೋರಿದ್ದೀರಿ. ಹುಡುಗಿ ಅದನ್ನು ಹಿಡಿದುಕೊಂಡೇ ಕೆಳಗೆ ಬಂದಳು. ಬೈಯುತ್ತಾಳೆಂದು ನಾನು ಗಟ್ಟಿಯಾಗಿ ಕೂತೆ. ಅವಳು ಬಾಗಿಲಲ್ಲೇ ನಿಂತು, “ಅಂಕಲ್, ಮೊದಲೇ ಹೇಳಬಾರದಿತ್ತಾ? ಕೆಳಗೆ ಕಂಬಳಿ ಹಾಸ್ತಿದ್ದೆ,” ಎಂದಳು. ಊರಿನ ಎಲ್ಲ ಕಚೇರಿಗಳಿಗೂ ಬರೆದ ನನಗೆ ಹದಿನಾರು ಮೆಟ್ಟಿಲು ಹತ್ತಿ ಬಾಯಿಬಿಟ್ಟು ಹೇಳಬಹುದೆಂದು ಹೊಳೆದೇ ಇರಲಿಲ್ಲ. ಕಂಬಳಿಯನ್ನು ನಾವೇ ಕೊಟ್ಟೆವು. ಆದರೆ ತಮ್ಮ ಆದೇಶದ ಮೇಲೆ ಅದನ್ನು ಹಾಸಲು ಬರುವುದಿಲ್ಲವಲ್ಲ.

ಅಂದಿನಿಂದ ಮೇಲಿನ ಮನೆಯಲ್ಲಿ ನಿಶ್ಶಬ್ದ. ನನ್ನಾಕೆ ನನ್ನೊಡನೆ ಮಾತು ಬಿಟ್ಟು, ಹೇಳಬೇಕಾದ್ದನ್ನು ರಿಪೇರಿಗೆ ಬಂದ ಅಲಾರಾಂ ಗಡಿಯಾರಕ್ಕೆ ಹೇಳುತ್ತಿದ್ದಾಳೆ. ಚಹಾಕ್ಕೆ ಸಕ್ಕರೆ ಇಲ್ಲ. ಇದರ ಬಗ್ಗೆ ನಾನು ಎಲ್ಲೂ ದೂರು ಕೊಟ್ಟಿಲ್ಲ. ಯಾರಾದರೂ ಕ್ರಮ ಕೈಗೊಂಡುಬಿಟ್ಟಾರೆಂಬ ಭಯ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಮಾನಮರ್ಯಾದೆಯುಳ್ಳ ಕಚೇರಿಗಳೆಲ್ಲ ಮಾಡುವಂತೆ ನನ್ನ ದೂರನ್ನು ತಕ್ಷಣ ಕಳೆದುಹಾಕಬೇಕು. ಅದು ಸಾಧ್ಯವಿಲ್ಲದಿದ್ದರೆ ಶುಕ್ರವಾರದವರೆಗೆ ಸಮಿತಿಯ ಸದಸ್ಯರೆಲ್ಲ ಸರದಿಯಂತೆ ಮೇಲಿನ ಮನೆಗೆ ಬಂದು, ಬೂಟು ಬಿಚ್ಚಿ, ದಿನಕ್ಕೆರಡು ಗಂಟೆ ಆ ಪಟ್ಟಿಗಳನ್ನು ತುಳಿಯಬೇಕು. ಎಡಗಾಲು ದಾಟಿಸುವಲ್ಲಿ ಎಡವಿದವರು ರಾಜೀನಾಮೆ ಕೊಡಬೇಕು. ಅದೂ ಆಗದಿದ್ದರೆ ನನ್ನ ಛಾವಣಿಯನ್ನು ಕಳಚಿ ಎರಡಾಳೆತ್ತರ ಮೇಲಕ್ಕೆ ಸರಿಸಿಕೊಡಬೇಕು. ಯಾವುದು ತಮಗೆ ಸುಲಭವೋ ಅದು. ಕೆಳಮನೆಯವರಿಗೂ ಒಂದು ಕೇಳುಗವೇತನ ಸ್ಥಾಪಿಸಿದರೆ ಬೇಡವೆನ್ನುವುದಿಲ್ಲ.

ಕೊನೆಯದಾಗಿ ಒಂದು ಮಾತು. ಆ ಪಾಠದಲ್ಲಿ ಕಾಲು ಏನು ಮಾಡುತ್ತದೆಂಬುದು ನನಗೆ ಗೊತ್ತು, ಕೈ ಏನು ಮಾಡುತ್ತದೆಂಬುದು ಗೊತ್ತಿಲ್ಲ. ಊಟದ ಮೇಜಿನಿಂದ ನನಗೇನೂ ಕೇಳಿಸುವುದಿಲ್ಲ. ಬರುವ ತಿಂಗಳು ಭವನದಲ್ಲಿ ಅವಳು ಅದನ್ನು ನುಡಿಸಬೇಕಿತ್ತಂತೆ. ಅರ್ಧ ಸಂಗೀತ ನನ್ನ ಛಾವಣಿಯಿಂದ ಇಳಿದು ಬಂದಾಗಿದೆ. ಉಳಿದರ್ಧ ತಮ್ಮ ಫೈಲಿನಲ್ಲಿ ಸಿಕ್ಕಿಕೊಂಡಿದೆ. ದಯವಿಟ್ಟು ಬಿಡಿಸಿಕೊಡಿ.

ಇಷ್ಟಾದರೂ ಬದಲಾಗದ
ತಮ್ಮ ವಿಶ್ವಾಸಿ,
ಕೆಳಮನೆಯ ಗಡಿಯಾರದವನು

ಅಡಿಬರಹ: ದೂರು ಕೊಡಲು ಬಂದ ದಿನ ಗಮನಿಸಿದೆ, ತಮ್ಮ ಕಚೇರಿಯ ಗೋಡೆ ಗಡಿಯಾರ ಮುಕ್ಕಾಲು ಗಂಟೆ ಮುಂದಿದೆ. ಸಿಬ್ಬಂದಿಯವರು ಬರುವಾಗ ಕೈಗಡಿಯಾರ ನೋಡಿಕೊಂಡು ಬರುತ್ತಾರೆ, ಹೋಗುವಾಗ ಗೋಡೆಯದನ್ನು ನೋಡಿಕೊಂಡು ಹೋಗುತ್ತಾರೆ. ಸರಿಪಡಿಸಲು ನನಗೆ ಎರಡು ನಿಮಿಷ ಸಾಕು, ಶನಿವಾರ ಬೆಳಗ್ಗೆ ನಾನು ಬಿಡುವಾಗಿದ್ದೇನೆ. ಆದರೆ ಶುಕ್ರವಾರದ ಸಭೆ ಹುಡುಗಿಯ ಪರವಾಗಿ ಮುಗಿದರೆ, ಆ ಗಡಿಯಾರ ನನ್ನ ಕಣ್ಣಿಗೆ ಬಿದ್ದೇ ಇಲ್ಲ.