ಸೀಟು ಹೇಳುವ ಅಂಗಡಿ

ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರು ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ತೆರೆದಾಗ, "ಏಳನೇತ್ತಾ ದಾಟದಾಕಿ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತೀಬೇ? ಧೂಳ ಒರಸ್ತೀಯೇನು?" ಎಂದವರು ನಮ್ಮ ಭಾವ, ಗಂಡನ ಅಣ್ಣ.

ಏಳನೇ ತರಗತಿಗೇ ಶಾಲೆ ಬಿಟ್ಟು, ಕಿರಾಣಿ ಕಟ್ಟಿಕೊಟ್ಟ ಹಳೇ ಪೇಪರು ಬಿಡಿಸಿ ಓದು ರೂಢಿಸಿಕೊಂಡವಳು ನಾನು. ಪ್ರವೇಶದ ನಿಯಮಗಳ ಪುಸ್ತಕವನ್ನು ಸಣ್ಣ ಅಕ್ಷರದ ಸಾಲೂ ಬಿಡದೆ ಓದುತ್ತೇನೆ. ಹೋದ ವರ್ಷ ಯಾವ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ನಿಂತಿತು ಎಂಬುದು ಬಾಯಿಪಾಠ. ಅದಕ್ಕೇ ಆಳಂದ, ಅಫಜಲಪುರದ ಕಡೆಯಿಂದಲೂ ಜನ "ಸೀಟ್ ಸಿಗ್ತದೇನ್ರಿ ಅಕ್ಕಾರ?" ಎಂದು ಕೇಳಲು ಬರುತ್ತಾರೆ. ಬಂದಾಗಲೆಲ್ಲ ಏನಾದರೊಂದು ನಡೆಯುತ್ತದೆ. ಈ ಸಲ ಆ ಸಾಲಿನಲ್ಲಿ ನನ್ನ ಮಗಳೂ ಇದ್ದಳು. ಆಕೆಗೆ ಬೇಕಿದ್ದದ್ದು ಒಂದೇ, ದೊಡ್ಡ ಕೃಷಿ ವಿಶ್ವವಿದ್ಯಾಲಯದ ಸೀಟು.

ಬ್ಯಾಳಿ ಗಿಡ

ರೈತರ ಮಕ್ಕಳ ಕೋಟಾಕ್ಕೆ ಕಾಳು-ಕಡಿ ಗುರುತಿಸುವ ಪರೀಕ್ಷೆಯೊಂದಿದೆ. ಇಜೇರಿಯ ರೈತರೊಬ್ಬರು ಮಗನನ್ನೂ ಒಂದು ಚೀಲ ಕಾಳನ್ನೂ ತಂದು ಕೂರಿಸಿದರು. "ಪಾಸ್ ಆಗ್ತಾನೇನು, ನೀವೇ ನೋಡ್ರಿ."

ಹುಡುಗ ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವನು. ನಾನು ತೊಗರಿ ಕಾಳು ಕೈಗಿಟ್ಟೆ. ತಿರುಗಿಸಿ ನೋಡಿದ, ಮೂಸಿದ.

"ಗೊತ್ತಿಲ್ರಿ."

"ಇದನ್ನ ಒಡದ್ರ ಏನಾಗ್ತದೋ?"

"ಒಡದ್ರ..." ಮುಖ ಅರಳಿತು. "ಬ್ಯಾಳಿ! ಇದು ಬ್ಯಾಳಿ ಗಿಡದ ಬೀಜ ಅದರಿ!"

ತಂದೆ ಚೀಲದ ಬಾಯಿ ಕಟ್ಟಿದರು. "ಹೊಲಕ್ಕ ಬಂದ್ರ ಓದು ಕೆಡ್ತದಂತ ನಾನೇ ಬರಗೊಡಲಿಲ್ರಿ. ನಡಿಲೇ, ನಮ್ಮ ಹೊಲ ಎಲ್ಲದಂತ ತೋರಸ್ತೇನಿ."

ಎರಡನೇ ಚೀಟಿ

ಕರಜಗಿಯವರೊಬ್ಬರು ಮಗನ ರ‍್ಯಾಂಕು ಬರೆದ ಚೀಟಿ ಕೊಟ್ಟರು. ನೋಡಿ, "ಸಿಗೂದಿಲ್ರಿ" ಎಂದೆ. ಚೀಟಿ ಮಡಚಿ ಜೇಬಿಗಿಟ್ಟರು. ಆಮೇಲೆ ಒಳಜೇಬಿನಿಂದ ಇನ್ನೊಂದು ಚೀಟಿ ತೆಗೆದರು.

"ಇದು ನಮ್ಮ ಅಣ್ಣನ ಮಗಂದು."

"ಇವನಿಗೂ ಸಿಗೂದಿಲ್ರಿ."

ಅವರು ನೀರು ಕೇಳಿ ಕುಡಿದರು. ಮುಖಕ್ಕೆ ಕಳೆ ಬಂತು. "ಪುಣ್ಯಾ ಬರ್ಲಿ ನಿಮಗ. ಅವಂಗೂ ಸಿಗೂದಿಲ್ಲಂತ ಬರದು, ಸಹಿ ಮಾಡಿ ಸಿಕ್ಕಾ ಹೊಡದು ಕೊಡ್ರಿ. ಮನ್ಯಾಗ ತೋರಸಬೇಕು."

ಪೇಢೆ

ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಬರೆಯುವಾಗ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಸಿಗಲಿ ಬಿಡಲಿ, ದೊಡ್ಡದನ್ನು ಮೊದಲು ಬರೆಯಿರಿ, ಕಳೆದುಕೊಳ್ಳುವುದೇನಿಲ್ಲ.

ಮಗಳೂ ಅದನ್ನೇ ಅಂದಳು. "ಅವ್ವಾ, ಮ್ಯಾಲ ಆ ದೊಡ್ಡ ಕೃಷಿ ವಿಶ್ವವಿದ್ಯಾಲಯ ಒಂದು ಬರಿ. ಸಿಗದಿದ್ರ ಬಿಡ್ಲಿ."

ಹೋದ ವರ್ಷ ಆ ಸೀಟು ಆಕೆಯ ರ‍್ಯಾಂಕಿಗಿಂತ ಬಹಳ ಮುಂಚೆಯೇ ಮುಗಿದಿತ್ತು. "ಸಿಗಲಾರದ್ದಕ್ಕ ಆಸೆ ಹಚ್ಕೊಂಡು ಕುಂದರಬ್ಯಾಡ" ಎಂದು ನಾನೇ ಆ ಹೆಸರು ಅಳಿಸಿದೆ, ನಾನೇ ಗುಂಡಿ ಒತ್ತಿದೆ. ನನ್ನ ಲೆಕ್ಕ ಎಂದೂ ತಪ್ಪಿರಲಿಲ್ಲ; ಸ್ವಂತ ಮಗಳಿಗೇ ಬರೆದ ಸೀಟು ಸಿಗದೆ ಭಾವನ ಬಾಯಿಗೆ ಬೀಳುವುದು ನನಗೆ ಬೇಡವಾಗಿತ್ತು.

ಭಾವನ ಮಗನ ರ‍್ಯಾಂಕು ಇನ್ನೂ ಹಿಂದಿತ್ತು. ಮಗಳ ಪಟ್ಟಿಯಿಂದಲೇ ಅಳಿಸಿದ ಮೇಲೆ, ಬರೆಯಬೇಡಿರೆಂದು ಅವರಿಗೂ ಹೇಳಿದೆ. "ನಿಂದು ಏಳನೇತ್ತಾ ಲೆಕ್ಕ" ಎಂದು ಬೇರೆ ಅಂಗಡಿಗೆ ಹೋಗಿ ಅದೊಂದನ್ನೇ ಬರೆಸಿ ಬಂದರು.

ಈ ವರ್ಷ ಸೀಟು ಕೆಳಗಿಳಿಯುತ್ತ ಅವನವರೆಗೂ ಬಂತು. ಬರುವಾಗ ನನ್ನ ಮಗಳನ್ನು ದಾಟಿಕೊಂಡೇ ಬಂತು. ಆಕೆಯ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ.

ಭಾವ ಪೇಢೆ ಡಬ್ಬಿ ಹಿಡಿದು ಅಂಗಡಿಗೇ ಬಂದರು. "ನಿನ್ನ ಮಾತು ಕೇಳಿದ್ರ ಮುಳುಗಿದ್ವಿ ನೋಡಬೇ! ಅಲ್ಲ, ಈ ವರ್ಷ ನಿನ್ನ ಮಾತು ಕೇಳಿದವರು ಯಾರರ ಅದಾರೇನು?"

ಮಗಳು ಝೆರಾಕ್ಸ್ ಮಾಡುತ್ತಿದ್ದವಳು ಕೈ ಒರೆಸಿಕೊಂಡು ಬಂದು ಪೇಢೆ ತೆಗೆದುಕೊಂಡಳು. "ನಾ ಅದೀನಲ್ರಿ ದೊಡ್ಡಪ್ಪಾ. ನನಗ ಎರಡು ಕೊಡ್ರಿ."

ಈಗ ನನ್ನ ಹೆಸರಿನಲ್ಲಿ ಸ್ವಂತ ಅಂಗಡಿ, ಮೂರು ಕಂಪ್ಯೂಟರು, ಒಂದು ಝೆರಾಕ್ಸ್ ಮಷೀನು ಇವೆ. ಎಲ್ಲವೂ ಹಟದಿಂದ ಗಳಿಸಿದ್ದು. ಆ ಹಟಕ್ಕೆ ತೆತ್ತದ್ದು ಒಂದು ಸೀಟು. ಅದೂ ನನ್ನದಲ್ಲ.